ಅಡುಗೆ ಯಾರ ಸಾಧನೆ?

ದಿನದ ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಮನೆಗೆ ಹೊರಡದ ಬ್ಯಾಂಕ್ ಗುಮಾಸ್ತ ನಾನು. ಊಟದ ಲೆಕ್ಕ ಮಾತ್ರ ಎಂದೂ ಇಟ್ಟವನಲ್ಲ. ಅದು ಅಮ್ಮನ, ಆಮೇಲೆ ಹೆಂಡತಿಯ ಪಾಲಿಗೆ ಬಂದ ಕೆಲಸ.

ಜಪಾನಿನ ಝೆನ್ ಗುರು ದೋಗೆನ್ 1223ರಲ್ಲಿ ಚೀನಾಕ್ಕೆ ಹೋದರು. ಅಲ್ಲಿಯ ಮಠವೊಂದರಲ್ಲಿ 68 ವರ್ಷದ ಅಡುಗೆಯ ಭಿಕ್ಷು ಉರಿಬಿಸಿಲಲ್ಲಿ ಬೆವರುತ್ತ ಅಡುಗೆಯ ಸಾಮಾನು ಒಣಗಿಸುತ್ತಿದ್ದರು. ಆಳುಗಳಿಗೆ ಹೇಳಬಾರದೇ ಎಂದು ದೋಗೆನ್ ಕೇಳಿದಾಗ, ಬೇರೆಯವರು ಮಾಡಿದ್ದು ತಾನು ಮಾಡಿದಂತಾಗದೆಂಬ ಉತ್ತರ ಬಂತು. 1237ರಲ್ಲಿ ದೋಗೆನ್ ಮಠದ ಅಡುಗೆಯವರಿಗಾಗಿ ‘ತೆಂಝೊ ಕ್ಯೋಕುನ್’ ಬರೆದರು. ಬಡ ಸೊಪ್ಪಿನ ಸಾರಿಗೂ ಮೃಷ್ಟಾನ್ನದಷ್ಟೇ ಶ್ರದ್ಧೆ ಬೇಕೆಂಬುದು ಅದರ ತಾತ್ಪರ್ಯ. ಆಯಾ ಋತುವಿನ ತರಕಾರಿಯನ್ನೇ ನಂಬಿದ ಜಪಾನಿನ ‘ಶೋಜಿನ್’ ಅಡುಗೆಯಲ್ಲಿ ಮೂಲಂಗಿಯ ಸಿಪ್ಪೆ, ಎಲೆಯೂ ಕಸವಲ್ಲ.

ಆದರೆ ಮಠದಲ್ಲಿ ಅಡುಗೆ ಗೌರವದ ಹುದ್ದೆ. ನಮ್ಮ ಮನೆಗಳಲ್ಲಿ ಹೆಂಗಸರಿಗೆ ಬಿಡುವಿಲ್ಲದ ದುಡಿಮೆ. ಅದನ್ನು ಸಾಧನೆಯೆಂದು ಹೊಗಳಿ ಉಣ್ಣಲು ಕೂರುವುದು ಸುಲಭ. ನಿಜಕ್ಕೂ ಅದು ಸಾಧನೆಯಾದರೆ, ನನ್ನ ಪಾಲಿನದನ್ನು ಇನ್ನೊಬ್ಬರು ಮಾಡಲಾರರಷ್ಟೆ?

ಮನೆಯವಳು ಜ್ವರದಿಂದ ಮಲಗಿದ ಒಂದು ಆಟಿ ತಿಂಗಳಲ್ಲಿ ಹರಿವೆ ದಂಟಿನ ನಾರು ತೆಗೆಯಲು ಕುಳಿತೆ. ಅರ್ಧ ಗಂಟೆ ಹಿಡಿಯಿತು. ಇಪ್ಪತ್ತು ವರ್ಷ ಉಂಡದ್ದರ ಬಾಕಿ ಎಷ್ಟೆಂದು ಅಂದು ಹೊಳೆಯಿತು. ಈಗ ಭಾನುವಾರದ ಅಡುಗೆ ನನ್ನದು. ಉಳಿದ ಆರು ದಿನಗಳ ಬಾಕಿ ಹಾಗೆಯೇ ಇದೆ.