ಬಾಣಂತಿಯ ದುಃಖವೂ ಬಂಧುಗಳ ಧರ್ಮವೂ

ಮನೆಯಲ್ಲಿ ಶಿಶುಜನನವಾಯಿತೆಂದರೆ ಆಬಾಲವೃದ್ಧರೂ ಹರ್ಷಿಸುವರು. ಅಟ್ಟದಿಂದ ತೊಟ್ಟಿಲು ಇಳಿಯುವುದು. ಬಂಧುಗಳಿಗೆ ವಾರ್ತೆ ಹೋಗುವುದು. ಬಂದವರೆಲ್ಲರೂ ಕೂಸಿನ ಮುಖದಲ್ಲಿ ಅಜ್ಜನ ಮೂಗನ್ನೂ ಅತ್ತೆಯ ಕಣ್ಣನ್ನೂ ಹುಡುಕುವರು. ಈ ಸಂಭ್ರಮದಲ್ಲಿ ತೊಟ್ಟಿಲ ಪಕ್ಕದಲ್ಲಿ ಮಲಗಿದವಳ ಮುಖವನ್ನು ನೋಡುವವರು ಎಷ್ಟು ಮಂದಿ? ಉಂಡಳೇ, ಹಾಲು ಸಾಲುವುದೇ ಎಂದು ವಿಚಾರಿಸುವವರುಂಟು. ಮನಸ್ಸು ಹೇಗಿದೆಯೆಂದು ಕೇಳುವವರು ವಿರಳ. ಸಂತೋಷದ ಮನೆಯಲ್ಲಿ ತಾಯಿಯೇ ದುಃಖಿಸಿದರೆ ಅದು ಆಕೆಯ ದೋಷವೇ, ವ್ಯಾಧಿಯೇ? ಅದರ ಪರಿಹಾರದ ಹೊಣೆಯು ಯಾರದು? ಇದು ವೈದ್ಯರ ಪ್ರಶ್ನೆ ಮಾತ್ರವಲ್ಲ. ಧರ್ಮದ ಪ್ರಶ್ನೆಯೂ ಅಹುದು.

ಮೊದಲು ವಸ್ತುಸ್ಥಿತಿಯನ್ನು ತಿಳಿಯತಕ್ಕದ್ದು. ಹೆರಿಗೆಯಾದ ಹೊಸದರಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಸಾಮಾನ್ಯವು. ಎರಡು ವಾರಗಳೊಳಗಾಗಿ ಅದು ತಾನೇ ಅಡಗುವುದು. ಹಾಗೆ ಅಡಗದೆ, ನಿದ್ರೆಯನ್ನೂ ಹಸಿವನ್ನೂ ಅಪಹರಿಸಿ, ತಾನು ತಾಯಿಯಾಗಲು ಯೋಗ್ಯಳಲ್ಲವೆಂಬ ಭಾವನೆಯನ್ನು ಬೇರೂರಿಸುವ ವಿಷಾದವು ಬೇರೆ, ಅದು ವ್ಯಾಧಿಯು. ಅದು ಗರ್ಭಕಾಲದಲ್ಲಿಯೇ ಮೊದಲಾಗುವುದೂ ಉಂಟು. ಭಾರತದಲ್ಲಿ ನಡೆದ ೩೮ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೭ರಲ್ಲಿ ಪ್ರಕಟಿಸಿದ ಲೆಕ್ಕದಂತೆ ನೂರು ಬಾಣಂತಿಯರಲ್ಲಿ ಸುಮಾರು ೨೨ ಮಂದಿಯು ಇದಕ್ಕೆ ಗುರಿಯಾಗುವರು. ಗೋವೆಯ ತಾಯಂದಿರನ್ನು ಕುರಿತು ೨೦೦೨ರಲ್ಲಿ ಹೊರಬಂದ ಅಧ್ಯಯನವು ಬಡತನ, ದಾಂಪತ್ಯದ ವಿರಸ, ಗಂಡನ್ನು ಬಯಸಿದಲ್ಲಿ ಹೆಣ್ಣು ಹುಟ್ಟುವುದು ಇವು ಆ ವಿಷಾದವನ್ನು ಬೆಳೆಸುವುವೆಂದು ತೋರಿಸಿತು. ಇವುಗಳಲ್ಲಿ ಒಂದಾದರೂ ತಾಯಿಯ ಅಪರಾಧವಲ್ಲವೆಂಬುದು ಗಮನಾರ್ಹವು.

ಇಲ್ಲಿ ಹಿರಿಯರು ಒಂದು ಆಕ್ಷೇಪವನ್ನು ಎತ್ತುವರು. ಹಿಂದಿನ ಹೆಂಗಸರು ಹತ್ತು ಹೆತ್ತರು; ಅವರಾರಿಗೂ ಈ ರೋಗವಿರಲಿಲ್ಲ; ಇದು ಈಗಿನ ಕಾಲದ ಮೃದುತನವೆಂಬುದೇ ಆ ಆಕ್ಷೇಪ. ಆದರೆ ಹೇಳದೆ ಇದ್ದುದು ಇಲ್ಲದೆ ಇದ್ದುದಕ್ಕೆ ಪ್ರಮಾಣವಾಗಲಾರದು. ಜ್ವರವನ್ನೂ ಚಿತ್ತಭ್ರಮೆಯನ್ನೂ ಒಂದೇ ಚೀಲದಲ್ಲಿ ಹಾಕಿ 'ಬಾಣಂತಿ ಸನ್ನಿ' ಎಂದು ಹೆಸರಿಟ್ಟವರು ಆ ಕಾಲದವರೇ ಅಲ್ಲವೆ? ವಸ್ತುವಿಲ್ಲದೆ ಹೆಸರು ಹುಟ್ಟುವುದಿಲ್ಲ.

ಹಾಗೆಂದು ಪೂರ್ವಾಚಾರವನ್ನು ಹಳಿಯುವುದೂ ಯುಕ್ತವಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುವುದು, ಸೀಮಂತದಲ್ಲಿ ಬಳೆ ತೊಡಿಸಿ ಮಡಿಲು ತುಂಬುವುದು, ಬಯಕೆಯನ್ನು ಕೇಳಿ ತೀರಿಸುವುದು, ತಿಂಗಳುಗಟ್ಟಲೆ ಎಣ್ಣೆನೀರೆರೆದು ಬಾಣಂತನ ಮಾಡುವುದು, ಇವೆಲ್ಲ ಒಂಟಿತನಕ್ಕೆ ಕಟ್ಟಿದ ಒಡ್ಡುಗಳೇ. ಗರ್ಭಿಣಿಯನ್ನು 'ದೌಹೃದಿನಿ', ಎಂದರೆ ಎರಡು ಹೃದಯಗಳುಳ್ಳವಳು, ಎಂದು ಆಯುರ್ವೇದದ ಆಚಾರ್ಯರು ಕರೆದರು. ಆದರೆ ಕಾಲಕ್ರಮದಲ್ಲಿ ಆಚಾರದ ದೇಹವು ಉಳಿದು ಹೃದಯವು ಸೊರಗಿತು. ಎಣ್ಣೆ, ಶಾಖ, ಪಥ್ಯಗಳಿಗೆ ಕೊರತೆಯಿಲ್ಲ. ಮಾತಿಗೆ ಮಾತ್ರ ಕೊರತೆ. ಹತ್ತು ಜನರಿರುವ ಮನೆಯಲ್ಲಿಯೂ ಬಾಣಂತಿಯು ಏಕಾಕಿನಿಯಾಗಿರಬಹುದು. ಏಕಾಂತವೆಂಬುದು ಜನರಿಲ್ಲದಿರುವುದು, ಏಕಾಕಿತನವೆಂಬುದು ಕೇಳುವವರಿಲ್ಲದಿರುವುದು.

ಈಗಿನ ಸಂಸಾರಗಳಲ್ಲಿ ಆ ಒಡ್ಡೂ ಸಡಿಲುತ್ತಿದೆ. ಬೆಂಗಳೂರಿನ ಎತ್ತರದ ಕಟ್ಟಡದಲ್ಲಿಯೋ ಸಮುದ್ರದಾಚೆಯ ಊರಿನಲ್ಲಿಯೋ ಇರುವ ದಂಪತಿಗಳನ್ನು ಭಾವಿಸಬಹುದು. ತಾಯಿಯು ಬಂದು ಕೆಲವು ತಿಂಗಳಿದ್ದು ಹಿಂದಿರುಗಿದಳು, ಗಂಡನು ಎಂಟು ಗಂಟೆಗೆ ಕೆಲಸಕ್ಕೆ ಹೊರಟನು, ಬಾಗಿಲು ಮುಚ್ಚಿತು. ಅಳುವ ಶಿಶುವೊಂದು, ಅಳಲಾರದ ತಾಯಿಯೊಬ್ಬಳು. ಪಕ್ಕದ ಬಾಗಿಲಿನವರ ಹೆಸರೂ ಆಕೆಗೆ ತಿಳಿಯದು. ಹೊಸದಾಗಿ ತಂದೆಯಾದವನೂ ಇದೇ ವಿಷಾದಕ್ಕೆ ಸಿಕ್ಕುವುದುಂಟು. ಆದರೆ ಗಂಡಸಿಗೆ ಅದನ್ನು ಹೇಳಿಕೊಳ್ಳಲು ಮತ್ತಷ್ಟು ಸಂಕೋಚವು.

ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ ಕಾಳಿದಾಸನು ಒಂದು ಸಂಗತಿಯನ್ನು ಹೇಳಿರುವನು. ತುಂಬುಗರ್ಭಿಣಿಯಾದ ಸೀತೆಯು ಅಡವಿಯಲ್ಲಿ ತ್ಯಕ್ತಳಾಗಿ ರೋದಿಸುವಾಗ, ದರ್ಭೆ ಸಮಿತ್ತುಗಳಿಗಾಗಿ ಹೊರಟಿದ್ದ ವಾಲ್ಮೀಕಿಯು ಆ ಅಳುವಿನ ಧ್ವನಿಯನ್ನೇ ಹಿಡಿದು ಬಂದನು. ತನ್ನ ಕಾರ್ಯವನ್ನು ಬಿಟ್ಟು ಬಂದನು. ತಪ್ಪು ಯಾರದೆಂದು ಆಕೆಯನ್ನು ಕೇಳಲಿಲ್ಲ. ಆಶ್ರಮಕ್ಕೆ ಕರೆದೊಯ್ದು ತಾಪಸಿಯರ ಕೈಗೆ ಒಪ್ಪಿಸಿದನು. ಬಂಧುಧರ್ಮದ ಸಾರವೆಲ್ಲವೂ ಇಷ್ಟರಲ್ಲಿದೆ. ಆದರೆ ಈಗಿನ ಸೀತೆಯರ ರೋದನವು ಬಹುಮಟ್ಟಿಗೆ ನಿಶ್ಶಬ್ದವಾದುದು. ಆದಕಾರಣ ಕಿವಿಯು ಸಾಲದು, ಕೇಳುವ ನಾಲಗೆಯೂ ಬೇಕು. ಎಡಿನ್‌ಬರೋ ಎಂಬ ಹೆಸರಿನಿಂದ ೧೯೮೭ರಲ್ಲಿ ಪ್ರಕಟವಾದ ಮಾಪನದಲ್ಲಿ ಹತ್ತೇ ಪ್ರಶ್ನೆಗಳಿವೆ. ಅವು ಕೇವಲ ಕುಶಲಪ್ರಶ್ನೆಗಳಂತೆ ಸರಳವಾದುವು. ಪಾಕಿಸ್ತಾನದ ಹಳ್ಳಿಗಳಲ್ಲಿ ಸಾಮಾನ್ಯ ಆರೋಗ್ಯಕಾರ್ಯಕರ್ತೆಯರು ಕ್ರಮವಾಗಿ ಮನೆಗೆ ಹೋಗಿ, ತರಬೇತಿಯಂತೆ ಮಾತನಾಡಿಸಿದ ಪರೀಕ್ಷೆಯೊಂದರ ಫಲವು ೨೦೦೮ರಲ್ಲಿ ಪ್ರಕಟವಾಯಿತು. ಶಿಶುವಿಗೆ ಆರು ತಿಂಗಳಾಗುವ ಹೊತ್ತಿಗೆ ಅಂತಹ ನೆರವು ದೊರೆತ ತಾಯಂದಿರಲ್ಲಿ ನೂರಕ್ಕೆ ೨೩ ಮಂದಿಯಲ್ಲಿ ವಿಷಾದವು ಉಳಿದಿದ್ದರೆ, ದೊರೆಯದವರಲ್ಲಿ ೫೩ ಮಂದಿಯಲ್ಲಿ ಉಳಿದಿತ್ತು. ಮಾತೂ ಔಷಧವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಧೈರ್ಯವು ಅವರವರ ಸ್ವಂತ ಗುಣವಲ್ಲವೆ, ಅನ್ಯರು ಏನು ಮಾಡಬಲ್ಲರು ಎಂದರೆ, ಶಾಸ್ತ್ರದ ಮಾತಿನಿಂದಲೇ ಉತ್ತರ ಹೇಳಬಹುದು. ಮನುಷ್ಯನು ಮೂರು ಋಣಗಳೊಡನೆ ಹುಟ್ಟುವನು. ಸಂತಾನದಿಂದ ಪಿತೃಋಣವು ತೀರುವುದು. ಆದರೆ ಅದು ತೀರಿದುದು ಯಾರ ಶರೀರಶ್ರಮದಿಂದ? ವಂಶದ ಹಳೆಯ ಸಾಲವನ್ನು ಒಬ್ಬಳು ತನ್ನ ರಕ್ತದಿಂದ ತೀರಿಸಿದಳು; ಆ ಕ್ಷಣದಲ್ಲಿಯೇ ಮನೆಯವರೆಲ್ಲರೂ ಆಕೆಗೆ ಹೊಸ ಸಾಲಗಾರರಾದರು. ಆದುದರಿಂದ ಆಕೆಗೆ ಸಲ್ಲಿಸುವ ಆಸರೆಯು ದಯೆಯಲ್ಲ, ಋಣಸಂದಾಯವು. ದಯೆಯನ್ನು ಮುಂದೂಡಬಹುದು, ಸಾಲವನ್ನು ಮುಂದೂಡಲಾಗದು.

ಪ್ರೀತಿಯೊಂದೇ ಸಾಲದ ಸಂದರ್ಭಗಳೂ ಉಂಟು. ತಾಯಿಯು ತನಗಾಗಲಿ ಶಿಶುವಿಗಾಗಲಿ ಹಾನಿಮಾಡಿಕೊಳ್ಳುವ ಮಾತಾಡಿದರೆ, ಇಲ್ಲದ ಧ್ವನಿಗಳನ್ನು ಕೇಳಿದರೆ, ಮಂತ್ರತಾಯಿತಗಳಿಗಾಗಿ ಕಾಯದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನೂ ಶಿಶುವನ್ನೂ ಜೊತೆಯಲ್ಲಿಟ್ಟು ಚಿಕಿತ್ಸೆ ಮಾಡುವ ವಿಭಾಗವಿದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದೆಂದು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯೂ ವಿಧಿಸಿದೆ. ೨೦೨೨ರಲ್ಲಿ ಸರಕಾರವು ಆರಂಭಿಸಿದ ೧೪೪೧೬ ಎಂಬ ದೂರವಾಣಿಯಲ್ಲಿ ಸಲಹೆಯು ದೊರೆಯುವುದು.

ಉಳಿದ ದಿನಗಳಲ್ಲಿ ಬೇಕಾದುದು ಅಲ್ಪವೇ. ಒಬ್ಬರು ಕೂಸನ್ನು ಎತ್ತಿಕೊಂಡು ಆಕೆಯನ್ನು ಎರಡು ಗಳಿಗೆ ಮಲಗಗೊಡಲಿ. ಇನ್ನೊಬ್ಬರು ಬಳಿಯಲ್ಲಿ ಕುಳಿತು, ಹೇಗಿದ್ದೀಯೆಂದು ಕೇಳಿ, ಉತ್ತರ ಬರುವವರೆಗೆ ಕಾದಿರಲಿ. ಕೇಳಿದ ಕೂಡಲೆ ಎದ್ದುಹೋಗುವವರು ಬಹಳ, ಕಾದಿರುವವರೇ ಬಂಧುಗಳು.