ಬಿಟ್ಟು ಹೋಗುವವರು

ಕಟ್ಟಾಯದಿಂದ ಹಾಸನಕ್ಕೆ ದಿನವೂ ಬಸ್ಸಿನಲ್ಲಿ ಬಂದು ಓದುವ ಹುಡುಗಿಯೊಬ್ಬಳು ಕಳೆದ ಭಾನುವಾರ ನಮ್ಮ ಮನೆಗೆ ಬಂದಿದ್ದಳು. ಬಿ.ಎ. ಎರಡನೆಯ ವರ್ಷ, ಅರ್ಥಶಾಸ್ತ್ರ ಮುಖ್ಯ ವಿಷಯ. ಕೊನೆಯ ವರ್ಷಕ್ಕೆ ಬೆಂಗಳೂರಿನ ಕಾಲೇಜೊಂದನ್ನು ಸೇರುವ ಸಿದ್ಧತೆಯಲ್ಲಿದ್ದಾಳೆ. ಇಲ್ಲಿ ಓದಿದ ಪತ್ರಿಕೆಗಳು ಅಲ್ಲಿಯ ಪಠ್ಯಕ್ರಮಕ್ಕೆ ಎಷ್ಟು ಹೊಂದುತ್ತವೆ, ಗಣಿತ ಎಷ್ಟು ಬೇಕು, ಟಿ.ಸಿ. ಎಂದು ಕೇಳಬೇಕು, ಎಲ್ಲವನ್ನೂ ವಿಚಾರಿಸಿಟ್ಟುಕೊಂಡಿದ್ದಳು. ನನ್ನಿಂದ ಬೇಕಾಗಿದ್ದುದು ಒಂದು ಶಿಫಾರಸು ಪತ್ರ ಮಾತ್ರ.

ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವಳ ತರಗತಿಯಲ್ಲಿ ಅರ್ಥಶಾಸ್ತ್ರ ಓದುವವರೇ ಒಂಬತ್ತು ಮಂದಿ. ಎದ್ದುನಿಂತು ಪ್ರಶ್ನೆ ಕೇಳುವವಳು ಇವಳೊಬ್ಬಳು. ಇವಳು ಹೋದರೆ ಉಳಿದ ಎಂಟು ಮಂದಿಯ ಗತಿಯೇನು? ಈ ಪ್ರಶ್ನೆಯನ್ನು ಹತ್ತೊಂಬತ್ತರ ಹುಡುಗಿಯ ತಲೆಗೆ ಕಟ್ಟುವುದು ನ್ಯಾಯವೆ?

ಅರ್ಥಶಾಸ್ತ್ರ ನನ್ನ ವಿಷಯವಲ್ಲ. ಆದರೆ ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಇದನ್ನೇ ಕುರಿತು ಒಂದು ಸಣ್ಣ ಪುಸ್ತಕ ಬರೆದ. ಸಂಸ್ಥೆಯೊಂದು ಕೆಡತೊಡಗಿದಾಗ ಅದರ ಜನಕ್ಕೆ ಇರುವುದು ಎರಡು ದಾರಿ: ಬಿಟ್ಟು ಹೋಗುವುದು, ಇಲ್ಲವೆ ಇದ್ದು ದನಿಯೆತ್ತುವುದು. ನೈಜೀರಿಯದ ರೈಲಿನ ಉದಾಹರಣೆ ಅವನದು. ರೈಲು ಕೆಟ್ಟಾಗ, ಗದ್ದಲ ಮಾಡಬಲ್ಲ ಗಿರಾಕಿಗಳೇ ಮೊದಲು ಲಾರಿಗಳ ಪಾಲಾದರು. ಕೇಳುವವರಿಲ್ಲದೆ ರೈಲು ಹಾಗೆಯೇ ಉಳಿಯಿತು. ನಮ್ಮ ಕಡೆ ನೈಜೀರಿಯದವರೆಗೆ ಹೋಗಬೇಕಾಗಿಲ್ಲ. ಅನುಕೂಲಸ್ಥರ ಮಕ್ಕಳು ವ್ಯಾನು ಹತ್ತಿ ಪೇಟೆಯ ಶಾಲೆಗೆ ಹೋದಮೇಲೆ, ಊರ ಶಾಲೆಯ ಸೋರುವ ಹೆಂಚಿನ ವಿಷಯ ಯಾರೂ ಎತ್ತುವುದಿಲ್ಲ.

ಹಾಗೆಂದು ಹರ್ಷ್‌ಮನ್ ಹೋಗುವವರನ್ನು ಹಳಿದವನಲ್ಲ. ಬರ್ಲಿನ್ನಿನಲ್ಲಿ ಹುಟ್ಟಿದ ಆತ 1933ರಲ್ಲಿ ಹಿಟ್ಲರನ ಜರ್ಮನಿಯನ್ನು ಬಿಟ್ಟು ಹೋದವನು. ನಾನಾದರೂ ಏನು? ಕಟ್ಟಾಯದವನೇ, ಎಂ.ಎ.ಗೆಂದು ಮಾನಸಗಂಗೋತ್ರಿಗೆ ಹೊರಟಾಗ ಉಳಿದವರ ಮಾತನ್ನು ಯಾರೂ ನನ್ನೆದುರು ಎತ್ತಲಿಲ್ಲ. ಬಸ್ಸಿಗೆ ದುಡ್ಡು ಕೊಟ್ಟು ಕಳುಹಿಸಿದರು. ನಾನು ಹಾಸನದವರೆಗೆ ಮರಳಿದೆ. ಅದು ತ್ಯಾಗವಲ್ಲ, ಕೆಲಸ ಸಿಕ್ಕಿದ್ದು ಇಲ್ಲಿ.

ಇಷ್ಟೆಲ್ಲ ತಿಳಿದೂ ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ: "ಇನ್ನೊಂದು ವರ್ಷ ಇಲ್ಲೇ ಇದ್ದು, ಬೇಕಾದ್ದನ್ನು ಕೇಳಿ ಪಡೆಯಬಹುದಿತ್ತಲ್ಲಮ್ಮ?"

ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು: "ಕೇಳಿದ್ದೆ ಸಾರ್. ಹೋದ ವರ್ಷ ಅರ್ಧ ಸೆಮಿಸ್ಟರ್ ಕಳೆದರೂ ಅತಿಥಿ ಉಪನ್ಯಾಸಕರು ಬರಲಿಲ್ಲ. ಮೂರು ಸಲ ಅರ್ಜಿ ಬರೆದೆ. ಒಂಬತ್ತು ಜನವೂ ಸಹಿ ಹಾಕಿದ್ದೆವು. ಮೇಷ್ಟ್ರುಗಳು ಯಾರಾದರೂ ಒಬ್ಬರು ಜೊತೆಗೆ ಸಹಿ ಹಾಕಿದ್ದರೆ..."

ಮಾತು ಅಲ್ಲಿಗೇ ನಿಂತಿತು. ನನ್ನ ಹೆಂಡತಿ ಕಾಫಿ ತಂದಳು. ಆ ಅರ್ಜಿ ಸ್ಟಾಫ್ ರೂಮಿನ ಮೇಜಿನ ಮೇಲೆ ಎರಡು ದಿನ ಬಿದ್ದಿದ್ದುದು ನನಗೆ ನೆನಪಿತ್ತು. ಓದಿಯೂ ಇದ್ದೆ. ಕನ್ನಡ ಶುದ್ಧವಾಗಿದೆ ಎಂದು ಮೆಚ್ಚಿಕೊಂಡಿದ್ದೆ ಕೂಡ.

ಉಳಿದವನಿಗೆ ನಿಷ್ಠೆಯ ಹೆಸರು ಸುಲಭವಾಗಿ ದಕ್ಕುತ್ತದೆ. ಇಪ್ಪತ್ತು ವರ್ಷದಿಂದ ನಾನು ಆ ಹೆಸರನ್ನು ಬಾಯಿ ತೆರೆಯದೆಯೇ ಅನುಭವಿಸಿದ್ದೇನೆ. ಅವಳಾದರೋ ಮೂರು ಸಲ ಕೂಗಿ, ಆಮೇಲೆ ಹೊರಟವಳು.

ಶಿಫಾರಸು ಪತ್ರವನ್ನು ಅಂದು ರಾತ್ರಿಯೇ ಬರೆದೆ. ಅದಾದಮೇಲೆ ಇನ್ನೊಂದು ಹಾಳೆ ತೆಗೆದು, ಪ್ರಾಂಶುಪಾಲರಿಗೆ ಉಳಿದ ಎಂಟು ಮಂದಿಯ ಪರವಾಗಿ ಒಂದು ಮನವಿ ಬರೆಯತೊಡಗಿದೆ. ಮೊದಲ ಪತ್ರಕ್ಕೆ ಅರ್ಧ ಗಂಟೆ ಹಿಡಿಯಿತು. ಎರಡನೆಯದು ಈ ಲೇಖನ ಮುಗಿಯುವ ಹೊತ್ತಿಗೂ ಮೇಜಿನ ಮೇಲೆಯೇ ಇದೆ.