ಕಣ್ಣೋ ಪ್ರಾಣವೋ

ದಿನ ತುಂಬದೆ ಹುಟ್ಟಿದ ಕೂಸಿಗೆ ಶ್ವಾಸಕೋಶವು ಬಲಿತಿರುವದಿಲ್ಲವಾದದರಿಂದ ವೈದ್ಯರು ಆಮ್ಲಜನಕವನ್ನು ಕೊಡುತ್ತಾರೆ. ಆ ವಾಯು ಮಿತಿಮೀರಿದರೆ ಕಣ್ಣಿನ ಒಳಪೊರೆಯ ರಕ್ತನಾಳಗಳು ಕೆಟ್ಟು ಬೆಳೆದು ಕುರುಡುತನವುಂಟಾಗಬಹುದು. ಕಡಿಮೆಯಾದರೆ ಪ್ರಾಣಕ್ಕೇ ಅಪಾಯವು. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೆಚ್ಚು ಕೊಟ್ಟ ಕೂಸುಗಳಲ್ಲಿ ನೂರಕ್ಕೆ ಸುಮಾರು 16 ಸತ್ತವು. ಕಡಿಮೆ ಕೊಟ್ಟವುಗಳಲ್ಲಿ ಸುಮಾರು 20. ಆದರೆ ಬದುಕುಳಿದವುಗಳಲ್ಲಿ ಕಠಿಣವಾದ ಕಣ್ಣುರೋಗವು, ಕಡಿಮೆ ಕೊಟ್ಟಲ್ಲಿ ಅರ್ಧದಷ್ಟೇ ಇತ್ತು.

ಹಾಗಾದರೆ ತಾಯಿತಂದೆಗಳೇ, ಯಾವದನ್ನು ಆರಿಸೋಣ? ಕುರುಡಾಗಿ ಬಾಳುವದಕ್ಕಿಂತ ಸಾಯುವದೇ ಲೇಸೆಂದು ಹೇಳುವ ಹಿರಿಯರನ್ನು ನಾವು ಕಂಡಿದ್ದೇವೆ, ಅವರೆಲ್ಲರೂ ಕಣ್ಣುಳ್ಳವರೇ. ಕುರುಡರ ಬಾಯಿಂದ ಆ ಮಾತನ್ನು ಕೇಳಲಿಲ್ಲ. ಆದಕಾರಣ ಮೊದಲು ಉಸಿರನ್ನು ಕಾಯಬೇಕೆಂಬುದೇ ನಮ್ಮ ಅಭಿಪ್ರಾಯವು. ಕಣ್ಣನ್ನಾದರೋ ಕೈಬಿಡಬೇಕಾಗಿಲ್ಲ: ಹುಟ್ಟಿದ 30 ದಿನಗಳೊಳಗೆ ಕಣ್ಣುವೈದ್ಯರಿಗೆ ತೋರಿಸಿದರೆ, ಬೇಕಾದಲ್ಲಿ ಲೇಸರ್ ಬೆಳಕಿನಿಂದ ಅನೇಕ ಕೂಸುಗಳ ದೃಷ್ಟಿಯು ಉಳಿಯುತ್ತದೆ.